ಪ್ರಚಲಿತ ಪ್ರಮಾಣವಾಕ್ಯಗಳ ಮೂಲವಿಚಾರ

ಶಬ್ದವು ಪ್ರಮಾಣವೆಂಬುದನ್ನು ಭಾರತೀಯ ದರ್ಶನಗಳಲ್ಲಿ ಹಲವು ಅಂಗೀಕರಿಸಿವೆ. ಆದರೆ ಕಿವಿಗೆ ಬಿದ್ದ ಶಬ್ದವೆಲ್ಲವೂ ಪ್ರಮಾಣವೆಂದು ಯಾವ ದರ್ಶನಕಾರನೂ ಹೇಳಿಲ್ಲ. ನ್ಯಾಯಶಾಸ್ತ್ರದಲ್ಲಿ ಆಪ್ತನ ಉಪದೇಶಕ್ಕೆ ಮಾತ್ರ ಆ ಪದವಿಯುಂಟು. ವಸ್ತುವನ್ನು ಇದ್ದಂತೆ ಅರಿತು, ಅರಿತುದನ್ನು ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಆಪ್ತನೆಂದು ಭಾಷ್ಯಕಾರನಾದ ವಾತ್ಸ್ಯಾಯನನ ಅಭಿಪ್ರಾಯ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸ್ಪಷ್ಟವಾಗಿ ಹೇಳಿರುವುದು ಗಮನಾರ್ಹವಾಗಿದೆ. ಎಂದರೆ, ಮಾತಿನ ಪ್ರಾಮಾಣ್ಯವು ಹೇಳಿದವನ ಕುಲದಿಂದಾಗಲಿ ಕೇಳಿದವನ ಸಂತೋಷದಿಂದಾಗಲಿ ಬರತಕ್ಕದ್ದಲ್ಲ.

ಈಚಿನ ವರ್ಷಗಳಲ್ಲಿ ವಿಜ್ಞಾನ, ಇತಿಹಾಸ, ರಾಜಕಾರ್ಯ ಇವುಗಳಿಗೆ ಸಂಬಂಧಿಸಿದ ಅನೇಕ ವಾಕ್ಯಗಳು ಪ್ರಾಚೀನ ಗ್ರಂಥಗಳ ಅಥವಾ ಪ್ರಸಿದ್ಧ ಪುರುಷರ ಹೆಸರನ್ನು ಹೊತ್ತು ಸಭೆಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ದೂರವಾಣಿಯ ಸಂದೇಶಗಳಲ್ಲಿಯೂ ಸಂಚರಿಸುತ್ತಿವೆ. ಅವುಗಳಲ್ಲಿ ಕೆಲವು ಪಾಠಶಾಲೆಗಳನ್ನೂ ಪ್ರವೇಶಿಸಿವೆ. ಇವನ್ನು ಪರೀಕ್ಷಿಸುವ ಭಾರವು ವಿಜ್ಞಾನಿಗಳದೇ ಎಂದು ಸಾಹಿತ್ಯದ ಅಧ್ಯಾಪಕರು ಭಾವಿಸುವುದುಂಟು. ಅದು ಯುಕ್ತವಲ್ಲ. ಇಂತಹ ವಾಕ್ಯಗಳಲ್ಲಿ ಬಹುಭಾಗವು ಗ್ರಂಥವನ್ನು ಆಧಾರವಾಗಿ ತೋರಿಸುವುದರಿಂದ, ಅವುಗಳ ದೋಷವು ಪ್ರಯೋಗಶಾಲೆಗಿಂತ ಮೊದಲು ಗ್ರಂಥಭಂಡಾರದಲ್ಲಿಯೇ ಹೊರಬೀಳುತ್ತದೆ. ಕೇಳಬೇಕಾದ ಪ್ರಶ್ನೆಗಳು ಮೂರು: ಈ ವಾಕ್ಯವು ಹೇಳಲಾದ ಆಕರದಲ್ಲಿ ಇದೆಯೆ? ಆಕರವು ಯಾರದು, ಯಾವ ಕಾಲದ್ದು? ವಾಕ್ಯಕ್ಕೆ ಅಲ್ಲಿ ಇರುವ ಅರ್ಥವು ಇಲ್ಲಿ ಹೇಳುವ ಅರ್ಥವೇ? ಒಂದೊಂದು ಪ್ರಶ್ನೆಯಲ್ಲಿ ಸೋಲುವ ಒಂದೊಂದು ಉದಾಹರಣೆಯನ್ನು ತೆಗೆದುಕೊಂಡು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ಆಕರದಲ್ಲಿ ಇಲ್ಲದ ವಾಕ್ಯ

ಮೆಕಾಲೆಯು ೧೮೩೫ನೆಯ ಫೆಬ್ರವರಿ ೨ನೆಯ ತಾರೀಖು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಾಡಿದನೆಂದು ಹೇಳುವ ಭಾಷಣವೊಂದು ಬಹು ಪ್ರಸಿದ್ಧವಾಗಿದೆ. ಭಾರತದ ಉದ್ದಗಲಗಳಲ್ಲಿ ಸಂಚರಿಸಿದರೂ ಒಬ್ಬ ಭಿಕ್ಷುಕನನ್ನಾಗಲಿ ಕಳ್ಳನನ್ನಾಗಲಿ ತಾನು ಕಾಣಲಿಲ್ಲವೆಂದೂ, ಈ ದೇಶದ ಬೆನ್ನೆಲುಬಾದ ಆಧ್ಯಾತ್ಮಿಕ ಸಂಪತ್ತನ್ನು ಮುರಿಯದ ಹೊರತು ಇದನ್ನು ಗೆಲ್ಲಲಾಗದೆಂದೂ, ಅದಕ್ಕಾಗಿ ಇಲ್ಲಿಯ ವಿದ್ಯಾಕ್ರಮವನ್ನು ಬದಲಾಯಿಸಬೇಕೆಂದೂ ಅದರಲ್ಲಿ ಹೇಳಿದೆ.

ಈ ವಾಕ್ಯವನ್ನು ದೇಶಕಾಲಗಳಿಂದಲೇ ಪರೀಕ್ಷಿಸಬಹುದು. ಮೆಕಾಲೆಯು ೧೮೩೪ನೆಯ ಜೂನ್ ತಿಂಗಳಲ್ಲಿ ಮದರಾಸಿನಲ್ಲಿ ಇಳಿದು, ಬೆಂಗಳೂರು ಮೈಸೂರುಗಳ ಮಾರ್ಗವಾಗಿ ಉದಕಮಂಡಲಕ್ಕೆ ಹೋಗಿ ಗವರ್ನರ್ ಜನರಲ್ ಬೆಂಟಿಂಕನನ್ನು ಕಂಡು, ಅನಂತರ ಕಲ್ಕತ್ತೆಗೆ ತೆರಳಿದನು. ಅವನು ಸ್ವದೇಶಕ್ಕೆ ಹಿಂದಿರುಗಿದುದು ೧೮೩೮ರಲ್ಲಿ. ಹೀಗಿರಲು ೧೮೩೫ನೆಯ ಫೆಬ್ರವರಿಯಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಅವನು ಮಾತನಾಡಿದನೆಂಬುದು ಅಸಂಭವ. ಬಂದು ಎಂಟು ತಿಂಗಳೂ ತುಂಬದವನು ದೇಶದ ಉದ್ದಗಲಗಳನ್ನು ಸುತ್ತಿದೆನೆಂದು ಹೇಳುವುದೂ ಹೊಂದುವುದಿಲ್ಲ. ಭಾರತವನ್ನು ಕುರಿತು ಅವನು ಪಾರ್ಲಿಮೆಂಟಿನಲ್ಲಿ ಮಾಡಿದ ಪ್ರಸಿದ್ಧ ಭಾಷಣವು ೧೮೩೩ನೆಯ ಜುಲೈ ೧೦ನೆಯ ತಾರೀಖಿನದು. ಆಗ ಅವನು ಈ ದೇಶವನ್ನು ಕಂಡೇ ಇರಲಿಲ್ಲ.

ಆದರೆ ೧೮೩೫ನೆಯ ಫೆಬ್ರವರಿ ೨ ಎಂಬ ತಾರೀಖು ಸುಳ್ಳಲ್ಲ. ಅಂದು ಅವನು ಕಲ್ಕತ್ತೆಯಲ್ಲಿ ವಿದ್ಯಾಭ್ಯಾಸವನ್ನು ಕುರಿತ ತನ್ನ ಲಿಖಿತಾಭಿಪ್ರಾಯಕ್ಕೆ ಸಹಿ ಮಾಡಿದನು. ಅದು ಉಪಲಬ್ಧವಾಗಿದೆ, ಅಚ್ಚಾಗಿದೆ. ಅದರಲ್ಲಿ ಭಾರತದ ಪ್ರಶಂಸೆಯಿಲ್ಲ, ತಿರಸ್ಕಾರವಿದೆ. ತನಗೆ ಸಂಸ್ಕೃತವಾಗಲಿ ಅರಬ್ಬಿಯಾಗಲಿ ಬಾರದೆಂದು ಒಪ್ಪಿಕೊಂಡೇ, ಭಾರತ ಅರಬ್ ದೇಶಗಳ ಸಮಸ್ತ ವಾಙ್ಮಯಕ್ಕೆ ಯೂರೋಪಿನ ಗ್ರಂಥಭಂಡಾರವೊಂದರ ಒಂದು ಕಪಾಟಿನ ಸಾಲು ಸಮವೆಂದು ಅವನು ಬರೆದನು. ಸಂಸ್ಕೃತ ಅರಬ್ಬಿ ಗ್ರಂಥಗಳ ಮುದ್ರಣವನ್ನು ನಿಲ್ಲಿಸಬೇಕೆಂದೂ, ಕಲ್ಕತ್ತೆಯ ಸಂಸ್ಕೃತ ಕಾಲೇಜನ್ನೂ ಮದರಸೆಯನ್ನೂ ಮುಚ್ಚಬೇಕೆಂದೂ ಸೂಚಿಸಿದನು. ಆ ಎರಡು ವಿದ್ಯಾಲಯಗಳೂ ಉಳಿದುಕೊಂಡವು. ಆದರೆ ಅದೇ ವರ್ಷ ಮಾರ್ಚಿ ೭ರ ಬೆಂಟಿಂಕನ ನಿರ್ಣಯದಿಂದ ಹೊಸದಾಗಿ ಸೇರುವ ವಿದ್ಯಾರ್ಥಿಗಳ ವೇತನವೂ ಪ್ರಾಚ್ಯ ಗ್ರಂಥಗಳ ಮುದ್ರಣದ ಹಣವೂ ನಿಂತುಹೋದವು.

ಇಲ್ಲಿ ನಷ್ಟವೇನೆಂಬುದು ಸ್ಪಷ್ಟವಾಗಿದೆ. ಸಂಸ್ಕೃತ ವಿದ್ಯೆಗೆ ಆದ ಅಪಕಾರಕ್ಕೆ ಸಹಿ ಸಮೇತವಾದ ದಾಖಲೆ ಇರುವಾಗ, ಅದನ್ನು ಬಿಟ್ಟು ಇಲ್ಲದ ಭಾಷಣವೊಂದನ್ನು ಸಾಕ್ಷಿಯಾಗಿ ನಿಲ್ಲಿಸಿದಂತಾಗಿದೆ. ಸಾಕ್ಷಿ ಸುಳ್ಳೆಂದು ತೋರಿದೊಡನೆ ನಿಜವಾದ ವ್ಯಾಜ್ಯವೂ ಬಿದ್ದುಹೋಗುವ ಅಪಾಯವುಂಟು. ಆ ಕೃತಕ ಭಾಷಣದ ಅಂತಸ್ಸಾಕ್ಷ್ಯವೂ ವಿಚಾರಾರ್ಹವಾಗಿದೆ: ಈ ದೇಶದ ವಿದ್ಯೆಯಲ್ಲಿ ಸಾರವೇ ಇಲ್ಲವೆಂದು ನಂಬಿದ್ದವನು ಅದನ್ನು ಅಜೇಯವೆಂದು ಹೊಗಳುವನೆ? ಹೊಗಳಿಕೆಯನ್ನು ಕೇಳುವ ಆಸೆಯುಳ್ಳವರ ಕೈವಾಡವು ಅದರಲ್ಲಿ ತೋರಬರುತ್ತದೆ.

೨. ಕಾಲವು ತಪ್ಪಿದ ಗ್ರಂಥ

ಎರಡನೆಯ ಉದಾಹರಣೆಯಲ್ಲಿ ಗ್ರಂಥವು ಇದೆ. ಅದರ ವಯಸ್ಸು ಮಾತ್ರ ಬೇರೆ. ಭರದ್ವಾಜ ಮಹರ್ಷಿಕೃತವೆಂದು ಹೇಳುವ ‘ವೈಮಾನಿಕಶಾಸ್ತ್ರ’ವು ಆನೇಕಲ್ಲಿನ ಪಂಡಿತ ಸುಬ್ಬರಾಯಶಾಸ್ತ್ರಿಗಳ ಬಾಯಿಂದ ಹೊರಟು, ೧೯೧೮ರಿಂದ ೧೯೨೩ರವರೆಗೆ ಜಿ. ವೆಂಕಟಾಚಲಶರ್ಮರಿಂದ ಬರೆಯಲ್ಪಟ್ಟಿತು. ಅದರ ಯಂತ್ರಚಿತ್ರಗಳನ್ನು ಟಿ. ಕೆ. ಎಲ್ಲಪ್ಪ ಎಂಬ ನಕ್ಷೆಗಾರರು ೧೯೨೩ರಲ್ಲಿ ಬರೆದರು. ಹಿಂದಿ ಅನುವಾದದೊಡನೆ ೧೯೫೯ರಲ್ಲಿಯೂ, ಜಿ. ಆರ್. ಜೋಸ್ಯರರ ಇಂಗ್ಲಿಷ್ ಅನುವಾದದೊಡನೆ ೧೯೭೩ರಲ್ಲಿ ಮೈಸೂರಿನಿಂದಲೂ ಅದು ಪ್ರಕಟವಾಯಿತು. ಶಾಸ್ತ್ರಿಗಳು ಅಂತಃಸ್ಫುರಣೆಯಿಂದ ಇದನ್ನು ಹೇಳುತ್ತಿದ್ದರೆಂಬುದು ಗ್ರಂಥದೊಡನೆಯೇ ಬಂದಿರುವ ವೃತ್ತಾಂತ. ಆದುದರಿಂದ ಅವರ ಮೇಲೆ ವಂಚನೆಯ ದೋಷವನ್ನು ಹೊರಿಸಬೇಕಾಗಿಲ್ಲ. ಆದರೆ ಸ್ಫುರಣೆಯಿಂದ ಬಂದುದನ್ನು ಪ್ರಾಚೀನವಾದ ಹಸ್ತಪ್ರತಿಯಂತೆ ಉದಾಹರಿಸುವವರು ದೋಷಮುಕ್ತರಾಗಲಾರರು.

ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದ ಐವರು ವಿದ್ವಾಂಸರು, ಎಂದರೆ ಮುಕುಂದ, ದೇಶಪಾಂಡೆ, ನಾಗೇಂದ್ರ, ಪ್ರಭು, ಗೋವಿಂದರಾಜು ಎಂಬವರು, ೧೯೭೪ರಲ್ಲಿ ಈ ಗ್ರಂಥವನ್ನು ಕುರಿತ ವಿಮರ್ಶೆಯನ್ನು ಪ್ರಕಟಿಸಿದರು. ಆ ವಿಮರ್ಶೆಯು ವಿಮಾನವಿದ್ಯೆಯೊಂದನ್ನೇ ಆಶ್ರಯಿಸಲಿಲ್ಲ. ಗ್ರಂಥವು ಹೇಗೆ ಬಂದಿತು, ಅದರ ಭಾಷೆ ಯಾವ ಬಗೆಯದು ಎಂಬುದನ್ನೂ ಅವರು ಶೋಧಿಸಿದರು. ಭಾಷೆಯು ಸುಲಭವಾದ ಈಚಿನ ಸಂಸ್ಕೃತ; ಅನುಷ್ಟುಪ್ಪಿನ ನಡಿಗೆ; ವೈದಿಕ ಪ್ರಯೋಗಗಳ ಸುಳಿವಿಲ್ಲ. ಗ್ರಂಥವನ್ನು ೧೯೦೪ಕ್ಕೆ ಹಿಂದಕ್ಕೆ ಒಯ್ಯಲಾಗದೆಂದು ಅವರು ತೀರ್ಮಾನಿಸಿದರು. ರೈಟ್ ಸಹೋದರರ ಯಂತ್ರವು ಹಾರಿದುದು ೧೯೦೩ನೆಯ ಡಿಸೆಂಬರ್ ೧೭ರಂದು ಎಂಬುದನ್ನು ಇಲ್ಲಿ ನೆನೆಯಬಹುದು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ರಚನೆಯನ್ನು ಲೆಕ್ಕಕ್ಕೆ ಹಚ್ಚಿ ನೋಡಿ, ಅವುಗಳಲ್ಲಿ ಯಾವುದಕ್ಕೂ ಹಾರುವ ಸಾಮರ್ಥ್ಯವಿಲ್ಲವೆಂದೂ ತೋರಿಸಿದರು.

ಇಷ್ಟಾದರೂ, ನಾಲ್ವತ್ತು ವರ್ಷಗಳ ತರುವಾಯ, ೨೦೧೫ನೆಯ ಜನವರಿಯಲ್ಲಿ ಮುಂಬಯಿಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ೧೦೨ನೆಯ ಅಧಿವೇಶನದಲ್ಲಿ ಪ್ರಾಚೀನ ವಿಮಾನಗಳ ವಾದವು ಮತ್ತೆ ಕೇಳಿಬಂದಿತು; ದೇಶದ ಪತ್ರಿಕೆಗಳೆಲ್ಲ ಅದನ್ನು ಬಿತ್ತರಿಸಿದವು. ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಇಲ್ಲಿ ಒಂದು ನಿಯಮವು ಹೊಳೆಯದಿರದು. ಒಂದೇ ಮಾತೃಕೆಯಿಂದ ಇಳಿದ ಹತ್ತು ಪ್ರತಿಗಳು ಒಂದು ಪಾಠವನ್ನು ಹೇಳಿದರೆ ಅದು ಹತ್ತು ಸಾಕ್ಷ್ಯವಲ್ಲ, ಒಂದೇ ಸಾಕ್ಷ್ಯ. ಹಾಗೆಯೇ ನೂರು ಪತ್ರಿಕೆಗಳು ಒಬ್ಬನ ಮಾತನ್ನೇ ಅಚ್ಚುಮಾಡಿದರೆ ಆ ಮಾತಿಗೆ ನೂರು ಆಧಾರಗಳು ಹುಟ್ಟುವುದಿಲ್ಲ.

ನಿಜವಾಗಿ ಪ್ರಾಚೀನವಾದುದು ಇಲ್ಲವೆಂದಲ್ಲ. ಹನ್ನೊಂದನೆಯ ಶತಮಾನದ ಧಾರಾನಗರದ ಭೋಜರಾಜನ ‘ಸಮರಾಂಗಣಸೂತ್ರಧಾರ’ವನ್ನು ಟಿ. ಗಣಪತಿಶಾಸ್ತ್ರಿಗಳು ೧೯೨೪-೨೫ರಲ್ಲಿ ಗಾಯಕವಾಡ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಅದರ ಯಂತ್ರಾಧ್ಯಾಯದಲ್ಲಿ ಹಗುರವಾದ ಮರದ ಪಕ್ಷಿಯ ಒಳಗೆ ಪಾರದದ ಪಾತ್ರೆಯನ್ನೂ ಬೆಂಕಿಯನ್ನೂ ಇಟ್ಟು ಹಾರಿಸುವ ಮಾತು ಬರುತ್ತದೆ. ರಚನೆಯ ಕ್ರಮವನ್ನು ಪೂರ್ತಿಯಾಗಿ ಹೇಳದಿರುವುದು ಗೋಪ್ಯಕ್ಕಾಗಿಯೇ ಹೊರತು ಅಜ್ಞಾನದಿಂದಲ್ಲವೆಂದು ಗ್ರಂಥಕಾರನು ಹೇಳಿಕೊಳ್ಳುತ್ತಾನೆ. ಹಾರುವ ಯಂತ್ರವೊಂದನ್ನು ಮನಸ್ಸಿನಲ್ಲಿ ಕಲ್ಪಿಸಿದ್ದರೆಂಬುದಕ್ಕೆ ಇದು ಪ್ರಮಾಣ. ಅದನ್ನು ಹಾರಿಸಿದ್ದರೆಂಬುದಕ್ಕೆ ಪ್ರಮಾಣವಲ್ಲ. ಕಲ್ಪನೆಯ ಇತಿಹಾಸವೂ ಇತಿಹಾಸವೇ. ಭೋಜನ ಈ ಅಧ್ಯಾಯವು ಮರೆಯಲ್ಲಿ ನಿಂತು, ನೂರು ವರ್ಷಗಳ ಈಚಿನ ಗ್ರಂಥವು ಮುಂದೆ ಬಂದಿರುವುದು ಶೋಚನೀಯ.

೩. ಅರ್ಥವು ಜಾರಿದ ಶ್ಲೋಕ

ಮೂರನೆಯ ಉದಾಹರಣೆಯು ಹೆಚ್ಚು ಸೂಕ್ಷ್ಮವಾದುದು. ಇಲ್ಲಿ ಶ್ಲೋಕವೂ ಇದೆ, ಗ್ರಂಥವೂ ಪ್ರಾಚೀನವಾದುದೇ, ಗ್ರಂಥಕಾರನೂ ಮಹಾಪಂಡಿತ. ವಿಜಯನಗರದ ಬುಕ್ಕರಾಯ ಮತ್ತು ಎರಡನೆಯ ಹರಿಹರರ ಕಾಲದ ಸಾಯಣಾಚಾರ್ಯನು ಬೆಳಕಿನ ವೇಗವನ್ನು ಹೇಳಿದ್ದಾನೆಂಬುದು ಪ್ರಚಲಿತವಾದ ಮಾತು. ಋಗ್ವೇದದ ಮೊದಲನೆಯ ಮಂಡಲದ ಐವತ್ತನೆಯ ಸೂಕ್ತವು ಸೂರ್ಯದೇವತಾಕ. ಅದರ ನಾಲ್ಕನೆಯ ಮಂತ್ರದ ಭಾಷ್ಯದಲ್ಲಿ ಸಾಯಣನು ಸ್ಮೃತಿರೂಪವಾದ ಒಂದು ಶ್ಲೋಕವನ್ನು ಉದಾಹರಿಸುತ್ತಾನೆ. ಅರ್ಧನಿಮೇಷದಲ್ಲಿ ೨೨೦೨ ಯೋಜನಗಳನ್ನು ಕ್ರಮಿಸುವವನಿಗೆ ನಮಸ್ಕಾರವೆಂದು ಅದರ ತಾತ್ಪರ್ಯ. ಯೋಜನಕ್ಕೆ ಒಂಬತ್ತು ಮೈಲಿ, ನಿಮೇಷಕ್ಕೆ ಸೆಕೆಂಡಿನ ೭೫ರಲ್ಲಿ ೧೬ ಭಾಗ ಎಂದು ಹಿಡಿದರೆ, ಸೆಕೆಂಡಿಗೆ ಸುಮಾರು ೧,೮೫,೮೦೦ ಮೈಲಿಗಳಾಗುತ್ತವೆ. ಬೆಳಕಿನ ವೇಗವು ೧,೮೬,೨೮೨ ಮೈಲಿ. ಈ ಸಾಮೀಪ್ಯವನ್ನು ಕಂಡು ವಿಸ್ಮಯಪಡುವುದು ಸಹಜವೇ.

ಮೊದಲು ವಾಕ್ಯಾರ್ಥವನ್ನು ನೋಡತಕ್ಕದ್ದು. ಮಂತ್ರದಲ್ಲಿ ಸೂರ್ಯನನ್ನು ‘ತರಣಿ’ ಎಂದು ಕರೆದಿದೆ. ಇತರರಿಂದ ಹೋಗಲಾಗದ ದೀರ್ಘಮಾರ್ಗವನ್ನು ದಾಟುವವನು ಎಂದು ಸಾಯಣನು ಆ ಪದವನ್ನು ವಿವರಿಸಿ, ಆ ದಾಟುವಿಕೆಗೆ ಸಮರ್ಥನೆಯಾಗಿ ಶ್ಲೋಕವನ್ನು ತರುತ್ತಾನೆ. ಶ್ಲೋಕದ ‘ಕ್ರಮಮಾಣ’ ಎಂಬುದು ಸಂಬೋಧನೆ, ಸಂಬೋಧ್ಯನು ಸೂರ್ಯ. ಆದುದರಿಂದ ೨೨೦೨ ಯೋಜನಗಳು ಸೂರ್ಯನು ಆಕಾಶದಲ್ಲಿ ನಡೆಯುವ ದೂರವೇ ಹೊರತು ಅವನ ಕಿರಣಗಳು ಓಡುವ ದೂರವಲ್ಲ. ಉಪಕ್ರಮವೂ ಸನ್ನಿಧಿಯೂ ಇದನ್ನೇ ಹೇಳುತ್ತವೆ. ಸೂರ್ಯನ ಗತಿಯನ್ನು ಹೀಗೆ ಸಂಖ್ಯೆಯಿಂದ ಸ್ತುತಿಸುವುದು ಪೌರಾಣಿಕ ಸಂಪ್ರದಾಯದಲ್ಲಿ ಹೊಸದಲ್ಲ. ಭಾಗವತದ ಐದನೆಯ ಸ್ಕಂಧದಲ್ಲಿ ಒಂಬತ್ತು ಕೋಟಿ ಐವತ್ತೊಂದು ಲಕ್ಷ ಯೋಜನಗಳ ಮಂಡಲವನ್ನು ಸೂರ್ಯನು ಕ್ಷಣಕ್ಕೆ ಎರಡು ಸಾವಿರ ಯೋಜನಗಳ ಮೇಲೆ ಒಂದು ಗವ್ಯೂತಿಯಂತೆ ಸುತ್ತುತ್ತಾನೆಂದು ಹೇಳಿದೆ. ಸಾಯಣನ ಶ್ಲೋಕವು ಇದೇ ಜಾತಿಯದು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಅರ್ಥವಾದ. ಅದರ ತಾತ್ಪರ್ಯವು ಸ್ತುತಿಯಲ್ಲಿದೆ, ಮಾಪನದಲ್ಲಿಲ್ಲ.

ಇನ್ನು ಲೆಕ್ಕದ ವಿಚಾರ. ನಿಮೇಷಕ್ಕೂ ಯೋಜನಕ್ಕೂ ಎಲ್ಲ ಶಾಸ್ತ್ರಗಳಲ್ಲಿ ಒಂದೇ ಪ್ರಮಾಣವಿಲ್ಲ. ವಿಷ್ಣುಪುರಾಣದಲ್ಲಿ ಹದಿನೈದು ನಿಮೇಷಗಳಿಗೆ ಒಂದು ಕಾಷ್ಠೆ, ಮನುಸ್ಮೃತಿಯಲ್ಲಿ ಹದಿನೆಂಟಕ್ಕೆ ಒಂದು ಕಾಷ್ಠೆ. ಮುಂದಿನ ಗಣನೆ ಎರಡರಲ್ಲಿಯೂ ಒಂದೇ. ಇದರಿಂದ ದಿನಕ್ಕೆ ನಿಮೇಷಗಳು ಮೊದಲನೆಯದರಲ್ಲಿ ೪,೦೫,೦೦೦, ಎರಡನೆಯದರಲ್ಲಿ ೪,೮೬,೦೦೦ ಆಗುತ್ತವೆ. ಕೌಟಿಲ್ಯನ ಅರ್ಥಶಾಸ್ತ್ರದ ಗಣನೆಯಂತೆ ೩,೬೦,೦೦೦. ಭಾಸ್ಕರಾಚಾರ್ಯನ ಸಿದ್ಧಾಂತಶಿರೋಮಣಿಯಲ್ಲಿ ಮೂವತ್ತು ಕಲೆಗಳಿಗೆ ಒಂದು ಘಟಿಕೆಯಾದುದರಿಂದ ೯,೭೨,೦೦೦. ಯೋಜನವೂ ಹಾಗೆಯೇ. ಭೂಮಿಯ ವ್ಯಾಸವನ್ನು ಆರ್ಯಭಟನು ೧೦೫೦ ಯೋಜನಗಳೆಂದೂ, ಸೂರ್ಯಸಿದ್ಧಾಂತಕಾರನು ೧೬೦೦ ಎಂದೂ, ಭಾಸ್ಕರನು ಸುಮಾರು ೧೫೮೧ ಎಂದೂ ಹೇಳಿದ್ದಾರೆ. ಭೂವ್ಯಾಸವು ಸುಮಾರು ೭೯೧೮ ಮೈಲಿಗಳಾದುದರಿಂದ ಆರ್ಯಭಟನ ಯೋಜನವು ಏಳೂವರೆ ಮೈಲಿಗೆ ಸ್ವಲ್ಪ ಮೇಲೆ, ಉಳಿದಿಬ್ಬರದು ಐದು ಮೈಲಿಯ ಆಸುಪಾಸು.

ಈಗ ಇವುಗಳನ್ನು ಜೋಡಿಸಿ ನೋಡಿದರೆ, ಕೌಟಿಲ್ಯನ ನಿಮೇಷವೂ ಸೂರ್ಯಸಿದ್ಧಾಂತದ ಯೋಜನವೂ ಸೇರಿ ಸೆಕೆಂಡಿಗೆ ಸುಮಾರು ೯೧,೦೦೦ ಮೈಲಿಗಳನ್ನು ಕೊಡುತ್ತವೆ. ಭಾಸ್ಕರನ ನಿಮೇಷಕ್ಕೆ ಆರ್ಯಭಟನ ಯೋಜನವನ್ನು ಸೇರಿಸಿದರೆ ಸುಮಾರು ೩,೭೩,೦೦೦. ಮನುವಿನ ನಿಮೇಷಕ್ಕೆ ಆರ್ಯಭಟನ ಯೋಜನವನ್ನು ಸೇರಿಸಿದರೆ ೧,೮೬,೮೦೦. ಇದು ಪ್ರಚಲಿತವಾದ ಲೆಕ್ಕದಷ್ಟೇ ಬೆಳಕಿನ ವೇಗಕ್ಕೆ ಸಮೀಪ. ಆದರೆ ಧರ್ಮಶಾಸ್ತ್ರದಿಂದ ಕಾಲಮಾನವನ್ನೂ ಜ್ಯೋತಿಷದಿಂದ ದೇಶಮಾನವನ್ನೂ ಆರಿಸಿ ಜೋಡಿಸುವುದಕ್ಕೆ, ಬೇಕಾದ ಉತ್ತರವು ಮೊದಲೇ ತಿಳಿದಿದೆ ಎಂಬುದಲ್ಲದೆ ಬೇರೆ ಕಾರಣವಿಲ್ಲ. ಒಬ್ಬನೇ ಆಚಾರ್ಯನ ಒಂದೇ ಗ್ರಂಥದಿಂದ ಎರಡನ್ನೂ ತೆಗೆದುಕೊಳ್ಳುವುದು ನ್ಯಾಯವೆಂದು ಭಾಸ್ಕರನನ್ನು ಹಿಡಿದರೆ ಬರುವ ಫಲವು ಸುಮಾರು ೨,೪೮,೦೦೦. ಸಾಯಣನಾದರೋ ತನ್ನ ಅಭಿಮತವಾದ ಮಾನ ಯಾವುದೆಂದು ಅಲ್ಲಿ ಹೇಳುವುದೇ ಇಲ್ಲ.

ಬೆಳಕಿನ ವೇಗವನ್ನು ‘ತಿಳಿಯುವುದು’ ಎಂದರೇನೆಂಬುದನ್ನೂ ಇಲ್ಲಿ ವಿವೇಚಿಸಬೇಕು. ೧೬೭೬ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಓಲೆ ರೋಮರನು ಗುರುಗ್ರಹದ ಉಪಗ್ರಹವೊಂದರ ಗ್ರಹಣಗಳನ್ನು ಗಮನಿಸಿ, ಭೂಮಿಯು ಗುರುವಿನಿಂದ ದೂರ ಸರಿದಾಗ ಅವು ತಡವಾಗಿಯೂ ಸಮೀಪಿಸಿದಾಗ ಮುಂಚಿತವಾಗಿಯೂ ಕಾಣುವುದನ್ನು ಕಂಡನು. ಬೆಳಕು ಬರಲು ಕಾಲ ಬೇಕೆಂದು ಅದರಿಂದ ಅನುಮಾನಿಸಿದನು. ೧೭೨೮ರಲ್ಲಿ ಬ್ರ್ಯಾಡ್ಲಿಯು ನಕ್ಷತ್ರಗಳ ಸ್ಥಾನವ್ಯತ್ಯಾಸದಿಂದ ಅದನ್ನೇ ಸ್ಥಾಪಿಸಿದನು. ೧೮೪೯ರಲ್ಲಿ ಫಿಜೋ ಎಂಬವನು ತಿರುಗುವ ಹಲ್ಲುಚಕ್ರದ ಸಹಾಯದಿಂದ ಭೂಮಿಯ ಮೇಲೆಯೇ ಅಳೆದನು. ಮ್ಯಾಕ್ಸ್ ಮುಲ್ಲರನ ಸಾಯಣಭಾಷ್ಯಸಹಿತವಾದ ಋಗ್ವೇದದ ಮೊದಲನೆಯ ಸಂಪುಟವು ಅಚ್ಚಾದುದೂ ಅದೇ ವರ್ಷ. ಹೇತುವನ್ನೂ ದೃಷ್ಟಾಂತವನ್ನೂ ತೋರಿಸಿ, ಇನ್ನೊಬ್ಬನು ಪುನಃ ಪರೀಕ್ಷಿಸಬಹುದಾದಂತೆ ಹೇಳುವುದೇ ಜ್ಞಾನ. ಹೇತುವಿಲ್ಲದ ಸಂಖ್ಯೆಯು ಆಕಸ್ಮಿಕವಾಗಿ ಸರಿಹೊಂದಿದರೆ ಅದು ಕಾಕತಾಲೀಯವೆನಿಸುತ್ತದೆ.

ಆದರೆ ಈ ಮಂತ್ರದ ಭಾಷ್ಯವನ್ನು ಮುಂದಕ್ಕೆ ಓದಿದವರಿಗೆ ನಿಜವಾದ ಸಂತೋಷವೊಂದು ಕಾದಿದೆ. ಸೂರ್ಯನು ಎಲ್ಲಕ್ಕೂ ಬೆಳಕನ್ನು ಉಂಟುಮಾಡುವವನು ಎಂಬುದನ್ನು ವಿವರಿಸುತ್ತ ಸಾಯಣನು ರಾತ್ರಿಯ ಬೆಳಕಿನ ಪ್ರಸ್ತಾಪವನ್ನು ಎತ್ತುತ್ತಾನೆ. ಜಲಮಯವಾದ ಚಂದ್ರಾದಿ ಬಿಂಬಗಳಲ್ಲಿ ಸೂರ್ಯಕಿರಣಗಳು ಪ್ರತಿಫಲಿಸಿ ಕತ್ತಲೆಯನ್ನು ಕಳೆಯುತ್ತವೆ. ಬಾಗಿಲಲ್ಲಿಟ್ಟ ಕನ್ನಡಿಯ ಮೇಲೆ ಬಿದ್ದ ಬಿಸಿಲು ಮನೆಯೊಳಗಿನ ಕತ್ತಲೆಯನ್ನು ಕಳೆಯುವಂತೆ ಎಂಬುದು ಅವನ ಮಾತಿನ ಭಾವ. ಚಂದ್ರನು ಜಲಮಯನೆಂಬುದನ್ನು ಇಂದು ಒಪ್ಪಲಾಗದು. ಆದರೆ ಚಂದ್ರನ ಬೆಳಕು ಸೂರ್ಯನದೇ ಎಂಬ ತತ್ತ್ವವು ಸತ್ಯ; ಅದಕ್ಕೆ ಕೊಟ್ಟ ದೃಷ್ಟಾಂತವನ್ನು ಯಾವ ಬಾಲಕನೂ ಮನೆಯಲ್ಲಿ ಮಾಡಿ ನೋಡಬಹುದು. ಯಾಸ್ಕನ ನಿರುಕ್ತದಿಂದ ವರಾಹಮಿಹಿರನವರೆಗೆ ಈ ತಿಳಿವಿಗೆ ಪರಂಪರೆಯೂ ಉಂಟು. ಇಲ್ಲದ ವೇಗವನ್ನು ಹುಡುಕುವ ಭರದಲ್ಲಿ, ಅದೇ ಮಂತ್ರದ ಭಾಷ್ಯದಲ್ಲಿ ಇರುವ ಈ ಕನ್ನಡಿಯನ್ನು ಬಹುಮಂದಿ ನೋಡದೆ ದಾಟಿದ್ದಾರೆ.

೪. ಆಕ್ಷೇಪ, ಸಮಾಧಾನ

ಇಲ್ಲಿ ಒಂದು ಆಕ್ಷೇಪವು ಬರಬಹುದು: ದೀರ್ಘಕಾಲ ಅವಮಾನಕ್ಕೆ ಗುರಿಯಾದ ಜನಕ್ಕೆ ಇಂತಹ ವಾಕ್ಯಗಳಿಂದ ಆತ್ಮವಿಶ್ವಾಸವು ಹುಟ್ಟುತ್ತದೆ, ಅಲ್ಪಸ್ವಲ್ಪ ತಪ್ಪಿದ್ದರೂ ಹಾನಿಯೇನು? ಇದಕ್ಕೆ ಸಮಾಧಾನವೇನೆಂದರೆ, ಆ ವಿಶ್ವಾಸವು ಪರೀಕ್ಷೆಯನ್ನು ತಡೆಯಲಾರದು. ಅಧ್ಯಾಪಕನ ಮಾತನ್ನು ನಂಬಿದ ವಿದ್ಯಾರ್ಥಿಯು ಒಂದು ದಿನ ಮೂಲವನ್ನು ನೋಡುವನು. ಅದು ಸುಳ್ಳೆಂದು ಕಂಡಾಗ ಆ ಒಂದು ವಾಕ್ಯವನ್ನು ಮಾತ್ರ ಬಿಡದೆ, ಚೀಲದಲ್ಲಿ ಒಂದು ಖೋಟಾ ನಾಣ್ಯ ಸಿಕ್ಕಿದವನು ಎಲ್ಲವನ್ನೂ ಸಂದೇಹಿಸುವಂತೆ, ಇಡೀ ವಾಙ್ಮಯವನ್ನೇ ಸಂದೇಹಿಸುವನು. ಭೂಮಿಯು ತಿರುಗುತ್ತದೆಂದೂ, ನಕ್ಷತ್ರಗಳ ಚಲನೆಯು ದೋಣಿಯಲ್ಲಿ ಹೋಗುವವನಿಗೆ ದಡವು ಹಿಂದೆ ಸರಿದಂತೆ ಕಾಣುವ ತೋರಿಕೆಯೆಂದೂ ಹೇಳಿದ ಆರ್ಯಭಟನ ಮಾತೂ ಆಗ ಅವನಿಗೆ ಇನ್ನೊಂದು ಕಟ್ಟುಕಥೆಯಾಗಿ ತೋರುವುದು.

ಇದಕ್ಕೆ ವಿರುದ್ಧವಾದ ಪಕ್ಷದವರೂ ಇದೇ ದೋಷಕ್ಕೆ ಒಳಗಾಗಿದ್ದಾರೆ. ವಿಮಾನಗ್ರಂಥವು ಅರ್ವಾಚೀನವೆಂದು ತಿಳಿದೊಡನೆ ಪ್ರಾಚೀನರಿಗೆ ಯಾವ ಶಾಸ್ತ್ರವೂ ತಿಳಿದಿರಲಿಲ್ಲವೆಂದು ತೀರ್ಮಾನಿಸುವವರು ಸಾಯಣನನ್ನಾಗಲಿ ಭೋಜನನ್ನಾಗಲಿ ತೆರೆದು ನೋಡಿದವರಲ್ಲ. ಇಬ್ಬರೂ ಕೇಳಿದ್ದನ್ನು ಹೇಳುತ್ತಾರೆ, ಓದಿದ್ದನ್ನು ಹೇಳುವುದಿಲ್ಲ. ಇದು ಅಂಧಪರಂಪರಾನ್ಯಾಯ. ಮುಂದಿನ ಕುರುಡನ ಹೆಗಲನ್ನು ಹಿಡಿದ ಹಿಂದಿನ ಕುರುಡನು ಬಲಕ್ಕೆ ಹೋದರೂ ಎಡಕ್ಕೆ ಹೋದರೂ ಕುರುಡುತನವು ಒಂದೇ.

ಆದುದರಿಂದ ಅಧ್ಯಾಪಕರು ಅನುಸರಿಸಬೇಕಾದ ಕ್ರಮವು ಸುಲಭವಾಗಿದೆ. ಗ್ರಂಥದ ಹೆಸರನ್ನು ಹೇಳುವ ವಾಕ್ಯವು ಬಂದಾಗ ಅಧ್ಯಾಯವನ್ನೂ ಮುದ್ರಣವನ್ನೂ ಕೇಳುವುದು. ಸಿಕ್ಕಿದರೆ ಹಿಂದಿನ ಒಂದು ಪುಟವನ್ನೂ ಮುಂದಿನ ಒಂದು ಪುಟವನ್ನೂ ಓದುವುದು. ಅಳತೆಗಳಿದ್ದರೆ ಅವು ಒಂದೇ ಶಾಸ್ತ್ರದವೇ ಎಂದು ನೋಡುವುದು. ಎಷ್ಟು ಜನ ಹೇಳಿದರೆಂದು ಎಣಿಸದೆ ಮೊದಲು ಹೇಳಿದವರಾರೆಂದು ವಿಚಾರಿಸುವುದು. ಸಿಕ್ಕದಿದ್ದರೆ ಆ ವಾಕ್ಯವನ್ನು ತರಗತಿಯಲ್ಲಿ ಹೇಳದಿರುವುದು. ಇದಕ್ಕೆ ವಿಜ್ಞಾನದ ವಿಶೇಷ ಪರಿಚಯವೂ ಬೇಕಾಗಿಲ್ಲ. ಪಾಠಾಂತರಗಳನ್ನು ತೂಗುವ, ಪ್ರಕರಣವನ್ನು ನೋಡಿ ಅರ್ಥಮಾಡುವ ಅಭ್ಯಾಸವು ಸಾಹಿತ್ಯದ ಅಧ್ಯಾಪಕರಿಗೆ ಆಗಲೇ ಇದೆ. ಸಾಯಣಭಾಷ್ಯದ ಆ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ವಿದ್ಯಾರ್ಥಿಗಳೊಡನೆ ಓದುವುದಕ್ಕೆ ಒಂದು ಗಂಟೆ ಸಾಕು. ಓದಿ ಮುಗಿದ ಮೇಲೆ ಒಂದು ಕನ್ನಡಿಯನ್ನು ತರಗತಿಯ ಬಾಗಿಲಲ್ಲಿ ಬಿಸಿಲಿಗೆ ಹಿಡಿದು, ಭಾಷ್ಯಕಾರನು ಹೇಳಿದ್ದನ್ನು ಒಳಗಿನ ಗೋಡೆಯ ಮೇಲೆ ತೋರಿಸಬಹುದು.